ಚಿಟಿಕೆ ಉಪ್ಪು, ಹಿಡಿ ಬೆಲ್ಲ

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತದೆ ನಮ್ಮ ಗಾದೆ. ಎರಡನ್ನೂ ಒಂದೇ ಉಸಿರಿನಲ್ಲಿ ನೆನೆದ ಹಿರಿಯರು ಎಂಥ ಜಾಣರೆಂಬುದು ನನಗೆ ಹೊಳೆದದ್ದು ಬಾಂಗ್ಲಾದೇಶದ ಸಂಗತಿಯನ್ನು ಓದಿದಾಗ.

1971ರ ಯುದ್ಧಕಾಲದಲ್ಲಿ ಗಡಿ ದಾಟಿ ಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತು. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನರಕ್ಕೆ ಏರಿಸುವ ಲವಣಜಲ ಸಾಲದೆ ಬಂದಾಗ, ಡಾಕ್ಟರ್ ದಿಲೀಪ್ ಮಹಲನಬೀಸರು ಉಪ್ಪು, ಅಡಿಗೆಸೋಡ, ಗ್ಲೂಕೋಸುಗಳನ್ನು ನೀರಿನಲ್ಲಿ ಕದಡಿ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಸಿಹಿಯ ಜೊತೆಗೂಡಿದ ಉಪ್ಪನ್ನು ರೋಗಪೀಡಿತ ಕರುಳೂ ಹೀರಿಕೊಳ್ಳುತ್ತದೆ; ಉಪ್ಪಿನ ಬೆನ್ನಿಗೆ ನೀರೂ ಹೋಗುತ್ತದೆ. ಗುಟ್ಟು ಇಷ್ಟೇ.

ಆದರೆ ಆ ಗುಟ್ಟು ಗುಡಿಸಲನ್ನು ಮುಟ್ಟಬೇಕಲ್ಲ! ಅಳತೆಯ ಚಮಚವಿಲ್ಲದ, ಅಕ್ಷರವರಿಯದ ತಾಯಂದಿರಿಗೆ ಹೇಳುವುದೆಂತು? 1980ರಿಂದ ಹತ್ತು ವರ್ಷ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು ಮನೆಮನೆಗೂ ನಡೆದು ಹೇಳಿದರು: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಹೀಗೆ ಸುಮಾರು 1 ಕೋಟಿ 20 ಲಕ್ಷ ಮನೆಗಳು! ಕಲಿಸಿದವಳ ಸಂಬಳ, ಕಲಿತ ತಾಯಿ ಎಷ್ಟನ್ನು ನೆನಪಿಟ್ಟಿದ್ದಾಳೆ ಎಂಬುದರ ಮೇಲೆ ನಿಂತಿತ್ತು. ನಮ್ಮ ಶಾಲೆಗಳಿಗೆ ಈ ಪದ್ಧತಿ ಬಂದರೆ ಮೇಷ್ಟರುಗಳ ಗತಿಯೇನೆಂದು ನೆನೆದು ನಕ್ಕೆ.

ಆದರೆ ನಗು ಬಹಳ ಹೊತ್ತು ನಿಲ್ಲಲಿಲ್ಲ. ಈಗ ಪೊಟ್ಟಣಗಳು ಅಂಗಡಿಯಲ್ಲೇ ದೊರೆಯುತ್ತವೆ. ಆದರೂ ಬಡ ದೇಶಗಳಲ್ಲಿ ವರ್ಷವರ್ಷವೂ ಲಕ್ಷಾಂತರ ಹಸುಗೂಸುಗಳು ಭೇದಿಗೆ ಬಲಿಯಾಗುತ್ತಿವೆ. ಭೇದಿಯಾದ ಮಗುವಿಗೆ ನೀರು ಕೊಡಬಾರದೆನ್ನುವ ಮನೆಗಳು ಇನ್ನೂ ಉಂಟು. ಶುದ್ಧವಾದ ನೀರು ಪ್ರತಿ ಮನೆಯನ್ನೂ ಸೇರುವವರೆಗೆ, ತಿಳಿದವರು ತಿಳಿಯದವರಿಗೆ ಈ ಮಾತನ್ನು ಹೇಳುತ್ತಲೇ ಇರಬೇಕು.