ಸೀಸೆಯೊಳಗಿನ ತಂಬುಳಿ

ಮಗಳು ಎರಡನೇ ಪಿಯುಸಿ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಜೀವಶಾಸ್ತ್ರದ ಅಂಕ ಇಳಿದಿತ್ತು. ಅಂಕಪಟ್ಟಿಗೆ ಸಹಿ ಹಾಕುವಾಗ, "ಇಷ್ಟೂ ನಿನ್ನ ಕೈಲಾಗಲಿಲ್ವಾ?" ಎಂದುಬಿಟ್ಟೆ. ಅಂದಿನಿಂದ ಅವಳ ಊಟದ ತಟ್ಟೆ ಕೋಣೆಯೊಳಗೆ ಹೋಯಿತು. ನಮ್ಮಿಬ್ಬರ ಮಾತು "ಹಾಲು ಬಂತಾ", "ಬಾಗಿಲು ಹಾಕ್ಕೋ" ಎಂಬಲ್ಲಿಗೆ ನಿಂತಿತು.

ಆ ಭಾನುವಾರ ದಿನಸಿ ತರಲು ಜೊತೆಗೆ ಬಂದವಳು ಒಂದು ಸೀಸೆ ಹಿಡಿದು ನಿಂತಳು. ಬೆಳ್ಳಗೆ, ಗಟ್ಟಿಯಾಗಿ, ನಡುನಡುವೆ ಹಸಿರು ಚುಕ್ಕೆ. ಹಸಿ ತರಕಾರಿಗೆ ಕಲಸಿಕೊಳ್ಳುವ 'ರಾಂಚ್ ಡ್ರೆಸ್ಸಿಂಗ್' ಅಂತೆ. "ಇದಿದ್ರೆ ಸೌತೆಕಾಯಿ, ಕ್ಯಾರೆಟ್ ಎಲ್ಲಾ ತಿಂತೀನಮ್ಮ" ಎಂದಳು. ಎಂಟು ದಿನಗಳಲ್ಲಿ ಅವಳು ನನ್ನನ್ನು ಕೇಳಿದ ಮೊದಲ ವಸ್ತು ಅದು. ಬೆಲೆ ನೋಡಿ ಎದೆ ಝಲ್ಲೆಂದಿತು. ಬೇಡ ಎನ್ನಲೂ ಮನಸ್ಸಾಗಲಿಲ್ಲ. "ಮನೆಯಲ್ಲೇ ಮಾಡೋಣ ಕಣೇ" ಎಂದೆ.

ಈ ರಾಂಚ್ ಅಮೆರಿಕದ್ದು. ಕ್ಯಾಲಿಫೋರ್ನಿಯಾದ ಸ್ಯಾಂಟಾ ಬಾರ್ಬರಾ ಬಳಿ 'ಹಿಡನ್ ವ್ಯಾಲಿ' ಎಂಬ ತಮ್ಮ ಜಾಗಕ್ಕೆ ಬಂದ ಅತಿಥಿಗಳಿಗೆ ಸ್ಟೀವ್ ಹೆನ್ಸನ್ ಎಂಬವರು 1950ರ ದಶಕದಲ್ಲಿ ಬಡಿಸುತ್ತಿದ್ದರು. ಮಜ್ಜಿಗೆ, ಮೇಯನೇಸ್, ಸೊಪ್ಪು, ಬೆಳ್ಳುಳ್ಳಿ ಇದರ ಸಾಮಗ್ರಿ. ಮಜ್ಜಿಗೆಗೆ ಸೊಪ್ಪು! ಸಾಗರದ ಕಡೆಯ ನನ್ನಜ್ಜಿ ಒಂದೆಲಗವನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ಕಾಯಿತುರಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಬೆರೆಸುತ್ತಿದ್ದಳಲ್ಲ, ಆ ತಂಬುಳಿಯ ದೂರದ ನೆಂಟನೇ ಇದು. ತಂಬುಳಿ ಅನ್ನಕ್ಕೆ ತೆಳ್ಳಗಿರಬೇಕು. ಇದು ತರಕಾರಿಗೆ ಅಂಟುವಷ್ಟು ಗಟ್ಟಿಯಿರಬೇಕು.

ಮೇಯನೇಸ್ ಬದಲು ಮೊಸರನ್ನೇ ಗಟ್ಟಿ ಮಾಡಲು ಹೊರಟೆವು. ಎರಡು ಲೋಟ ಮೊಸರನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೊಂದು ಪಾತ್ರೆ ಕೊಟ್ಟು ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟೆವು. ನೀರಿಳಿದು ಬೆಣ್ಣೆಯಂಥ ಮೊಸರು ಉಳಿಯಿತು. ನಾನು ಜಾಣತನ ತೋರಿಸಲು ಹೋಗಿ ಮೊಸರು, ಸೊಪ್ಪು ಎಲ್ಲವನ್ನೂ ಮಿಕ್ಸಿಗೆ ಸುರಿದೆ. ಗಟ್ಟಿ ಮೊಸರು ಮತ್ತೆ ಮಜ್ಜಿಗೆಯಾಯಿತು! ಮಗಳು ಮುಖ ತಿರುಗಿಸಿ ನಕ್ಕದ್ದು ಕಾಣಿಸಿತು.

ಮತ್ತೆ ಮೊಸರು ಕಟ್ಟಿದೆವು. ಈ ಸಲ ಒಂದು ಹಿಡಿ ಕೊತ್ತಂಬರಿ, ಅದರರ್ಧ ಪುದೀನ, ನಾಲ್ಕು ಎಸಳು ಸಬ್ಬಸಿಗೆ, ಒಂದು ಸಣ್ಣ ಎಸಳು ಬೆಳ್ಳುಳ್ಳಿ, ಒಂದು ಚಮಚ ನಿಂಬೆರಸ, ಒಂದು ಚಮಚ ಎಣ್ಣೆ ಇಷ್ಟನ್ನೇ ಮಿಕ್ಸಿಯಲ್ಲಿ ತಿರುಗಿಸಿ, ಮೊಸರಿಗೆ ಚಮಚದಿಂದ ಮೆಲ್ಲಗೆ ಬೆರೆಸಿದೆವು. ಮೇಲೆ ಕಾಳುಮೆಣಸಿನ ಪುಡಿ. ಚಮಚ ಓರೆ ಮಾಡಿದರೂ ಬೀಳದಷ್ಟು ಗಟ್ಟಿ, ಎಳೆ ಹಸಿರು ಬಣ್ಣ.

ಸೌತೆಕಾಯಿ ಹೆಚ್ಚಿ, ಅಭ್ಯಾಸಬಲದಿಂದ ಉಪ್ಪು ಬೆರೆಸಿಟ್ಟಿದ್ದೆ. ಅದರ ಮೇಲೆ ಇದನ್ನು ಹಾಕಿ ಕಲಸಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ ಬಟ್ಟಲ ತಳದಲ್ಲಿ ನೀರೋ ನೀರು.

"ನಿಮ್ಮ ಸೌತೆಕಾಯಿ ಸರಿಯಿಲ್ಲವೇನೋ" ಎಂದು ತರಕಾರಿಯವನನ್ನು ಬೈಯಲು ಸಿದ್ಧಳಾದೆ.

"ಸೌತೆಕಾಯಿದೇನೂ ತಪ್ಪಿಲ್ಲಮ್ಮ. ಇದು ಆಸ್ಮಾಸಿಸ್" ಎಂದಳು ಮಗಳು. ಒಂದು ಹೋಳನ್ನು ಎತ್ತಿ ಹಿಡಿದು ವಿವರಿಸಿದಳು: ಜೀವಕೋಶದ ಸುತ್ತ ಒಂದು ಪೊರೆಯಿದೆ, ಹೊರಗೆ ಉಪ್ಪಿನ ಸಾಂದ್ರತೆ ಹೆಚ್ಚಾದರೆ ಒಳಗಿನ ನೀರು ಪೊರೆ ದಾಟಿ ಹೊರಬರುತ್ತದೆ, ಉಪ್ಪಿನಕಾಯಿಗೆ ಉಪ್ಪು ಬೆರೆಸಿದ ಮಾವಿನ ಹೋಳು ನೀರು ಬಿಟ್ಟು ಮುದುಡುವುದೂ ಇದರಿಂದಲೇ. ಎಲ್ಲಿಯೂ ತಡವರಿಸಲಿಲ್ಲ. ಇದೇ ಹುಡುಗಿಗೆ ಜೀವಶಾಸ್ತ್ರದಲ್ಲಿ ಅಂಕ ಬಂದಿರಲಿಲ್ಲ.

"ಇಷ್ಟು ಚೆನ್ನಾಗಿ ಗೊತ್ತಿದೆಯಲ್ಲೇ, ಮತ್ತೆ ಪರೀಕ್ಷೆಯಲ್ಲಿ...?" ಎಂದೆ, ಈ ಸಲ ದನಿ ತಗ್ಗಿಸಿ.

"ಗಾಬರಿಯಾಯ್ತಮ್ಮ. ಎರಡು ದೊಡ್ಡ ಪ್ರಶ್ನೆಗೆ ಟೈಮೇ ಸಿಗಲಿಲ್ಲ. ಹೇಳೋಣ ಅಂದ್ಕೊಂಡೆ, ಅಷ್ಟರಲ್ಲಿ ನೀನು ಬೈದೆ."

ನಾನೇನೂ ಹೇಳಲಿಲ್ಲ. ಇನ್ನೊಂದು ಸೌತೆಕಾಯಿ ತೆಗೆದುಕೊಟ್ಟೆ. ಅವಳೇ ಹೆಚ್ಚಿದಳು, ಕ್ಯಾರೆಟ್ ಸೇರಿಸಿದಳು, ಹಸಿರು ಮೊಸರು ಬೆರೆಸಿದಳು. ನಾನು ಉಪ್ಪಿನ ಡಬ್ಬಿಗೆ ಕೈ ಹಾಕಿದರೆ ತಡೆದಳು.

"ಈಗಲೇ ಬೇಡ, ತಿನ್ನೋ ಹೊತ್ತಿಗೆ ಹಾಕಿದರಾಯ್ತು."

ಅವಳು ಹೇಳಿದ್ದು ಸೌತೆಕಾಯಿಗೆ. ಅಂಕಪಟ್ಟಿ ಹಿಡಿದು ನಿಂತ ಆ ಸಂಜೆ ನನಗೆ ನೆನಪಾಯಿತು. ಆ ರಾತ್ರಿ ಅವಳ ತಟ್ಟೆ ಕೋಣೆಗೆ ಹೋಗಲಿಲ್ಲ.