ಹುಳ ನೋಡುವವರ ಸಂಬಳ

ಹುಳ ಹುಪ್ಪಟೆಗಳ ಹಿಂದೆ ಅಲೆಯುವ ಮಕ್ಕಳಿಗೆ ನಾವು ದೊಡ್ಡವರು ಕೇಳುವ ಪ್ರಶ್ನೆ ಒಂದೇ: "ಇದರಿಂದ ಹೊಟ್ಟೆ ತುಂಬುತ್ತದೆಯೇ?" ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲೂ ಬಹುಕಾಲ ತುಂಬುತ್ತಿರಲಿಲ್ಲ. ಥ್ಯಾಡಿಯಸ್ ಹ್ಯಾರಿಸ್ ಹಾರ್ವರ್ಡಿನಲ್ಲಿ ಗ್ರಂಥಪಾಲಕ. ಪುಸ್ತಕ ಕಾಯುವುದು ಅನ್ನಕ್ಕೆ, ಹುಳ ನೋಡುವುದು ಪ್ರೀತಿಗೆ. ಬೆಳೆ ತಿನ್ನುವ ಕೀಟಗಳ ಬಗ್ಗೆ 1841ರಲ್ಲಿ ಆತ ಬರೆದ ವರದಿ ಮುಂದಿನವರಿಗೆಲ್ಲ ಮೊದಲ ಪಾಠವಾಯಿತು. ಆದರೂ ಆತ ಆಸೆಪಟ್ಟ ಪ್ರಾಧ್ಯಾಪಕ ಹುದ್ದೆ ಕೈಗೆ ಬರಲಿಲ್ಲ. 1856ರಲ್ಲಿ ಗ್ರಂಥಪಾಲಕನಾಗಿಯೇ ತೀರಿಕೊಂಡ.

1854ರಲ್ಲಿ ನ್ಯೂಯಾರ್ಕ್ ರಾಜ್ಯ ಏಸಾ ಫಿಚ್ ಎಂಬ ವೈದ್ಯನನ್ನು ಈ ಕೆಲಸಕ್ಕೇ ನೇಮಿಸಿತು. ಆದರೆ ದೇಶದ ಕಣ್ಣು ತೆರೆಸಿದ್ದು ಮಿಡತೆ. 1874ರಲ್ಲಿ ರಾಕಿ ಪರ್ವತಗಳ ಕಡೆಯಿಂದ ಮೋಡದಂತೆ ಬಂದ ಹಿಂಡುಗಳು ಕಾನ್ಸಾಸ್, ನೆಬ್ರಾಸ್ಕಾಗಳ ಹೊಲಗಳನ್ನು ಬೋಳು ಮಾಡಿದವು. ಒಗೆದು ಹರವಿದ ಬಟ್ಟೆಯನ್ನೂ ಬಿಡಲಿಲ್ಲವಂತೆ. 1877ರಲ್ಲಿ ಕೇಂದ್ರ ಸರ್ಕಾರ ಕೀಟ ಆಯೋಗ ರಚಿಸಿ, ಮಿಸೌರಿಯ ಚಾರ್ಲ್ಸ್ ರೈಲಿಯನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿತು. 1887ರ ಹ್ಯಾಚ್ ಕಾಯಿದೆ ಕೃಷಿ ಪ್ರಯೋಗ ಕೇಂದ್ರಗಳಿಗಾಗಿ ಪ್ರತಿ ರಾಜ್ಯಕ್ಕೂ ವರ್ಷಕ್ಕೆ 15,000 ಡಾಲರ್ ಒದಗಿಸಿತು. ಅಲ್ಲಿ ಕೀಟತಜ್ಞರಿಗೆ ಕುರ್ಚಿ, ಸಂಬಳ ಎರಡೂ ಸಿಕ್ಕವು. ಮರುವರ್ಷ ರೈಲಿ ಕಳಿಸಿದ ಆಲ್ಬರ್ಟ್ ಕೋಬೆಲೆ ಆಸ್ಟ್ರೇಲಿಯಾದಿಂದ ಗುಲಗಂಜಿ ಹುಳಗಳನ್ನು ತರಿಸಿಕೊಟ್ಟ. ಕ್ಯಾಲಿಫೋರ್ನಿಯದ ಕಿತ್ತಳೆ ತೋಟಗಳನ್ನು ಹಾಳುಮಾಡುತ್ತಿದ್ದ ಶಲ್ಕ ಕೀಟವನ್ನು ಅವು ತಿಂದು ಮುಗಿಸಿದಾಗ ರೈತರಿಗೂ ನಂಬಿಕೆ ಬಂತು.

ನನ್ನ ಮನಸ್ಸು ನಿಲ್ಲುವುದು ಮಾತ್ರ ಆ್ಯನಾ ಕಾಮ್‌ಸ್ಟಾಕ್ ಬಳಿ. ನಾನು ಓದಿದ್ದು ಬಿ.ಎ. ವಿಜ್ಞಾನದ ಮೇಷ್ಟರಿಗೆ ವರ್ಗವಾದ ವರ್ಷ ಜೀವಶಾಸ್ತ್ರ ನನ್ನ ಪಾಲಿಗೆ ಬಂತು. ಮಕ್ಕಳು ಬೆಂಕಿಪೊಟ್ಟಣದಲ್ಲಿ ತಂದ ಹುಳಗಳನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತ ನಾನೂ ಕಲಿತೆ. ಹಾಗಾಗಿ ಆಕೆ ನನಗೆ ಹತ್ತಿರದವಳೆನಿಸುತ್ತಾಳೆ. ಗಂಡ ಕಾರ್ನೆಲ್‌ನಲ್ಲಿ ಕೀಟಶಾಸ್ತ್ರದ ಪ್ರಾಧ್ಯಾಪಕ. ಅವನ ಪುಸ್ತಕಕ್ಕಾಗಿ ಈಕೆ ಮರದಚ್ಚು ಕೊರೆಯುವುದನ್ನು ಕಲಿತು, ರೆಕ್ಕೆಯ ಒಂದೊಂದು ನರವನ್ನೂ ಮೂಡಿಸಿದಳು. 1890ರ ದಶಕದಲ್ಲಿ ನ್ಯೂಯಾರ್ಕಿನ ಹಳ್ಳಿಯ ಯುವಕರು ಬೇಸಾಯ ಬಿಟ್ಟು ಪಟ್ಟಣ ಸೇರತೊಡಗಿದಾಗ, ಶಾಲಾ ಶಿಕ್ಷಕರಿಗೆ ಪ್ರಕೃತಿಪಾಠ ಕಲಿಸಲು ಹೊರಟವಳೂ ಈಕೆಯೇ. 1899ರಲ್ಲಿ ಸಹಾಯಕ ಪ್ರಾಧ್ಯಾಪಕಿ ಎಂದು ನೇಮಿಸಿದರು. ಹೆಂಗಸಿಗೆ ಆ ಹೆಸರು ಸಲ್ಲದೆಂದು ಆಡಳಿತ ಮಂಡಳಿಯವರು ತಕರಾರು ತೆಗೆದಾಗ ಉಪನ್ಯಾಸಕಿ ಎಂದು ಬದಲಿಸಿದರು.

ಪಾಠ ಅದೇ, ಶ್ರಮ ಅದೇ, ಹೆಸರಷ್ಟೇ ಬೇಡವಾಗಿತ್ತು. ಮಿಡತೆಯ ಹಾವಳಿಗೆ ಬೇಗ ತೆರೆದ ಬಾಗಿಲು ಆಕೆಯ ವಿದ್ಯೆಗೆ ತೆರೆಯಲು ತಡವಾಯಿತು. ಪೂರ್ಣ ಪ್ರಾಧ್ಯಾಪಕಿ ಎಂದು ಕರೆಸಿಕೊಂಡದ್ದು 1920ರಲ್ಲಿ. ಶಿಕ್ಷಕರಿಗಾಗಿ 1911ರಲ್ಲಿ ಬರೆದ ಆಕೆಯ ಪ್ರಕೃತಿ ಅಧ್ಯಯನದ ಕೈಪಿಡಿ ಮಾತ್ರ ಇಂದಿಗೂ ಅಚ್ಚಾಗುತ್ತಿದೆ.