ಹೊಸ ಹರಿಗೋಲು ನೀರಿಗಿಳಿದ ದಿನ

ಆದವಾನಿಯ ಹತ್ತಿ ಮಾರುಕಟ್ಟೆಯ ಕಡೆಯ ರಸ್ತೆಯಲ್ಲಿ ಅಂದು ಮುಂಜಾನೆ ಸರಕು ಸಾಗಿಸುವ ಆಟೋ ಒಂದು ನಿಂತಿತ್ತು. ಅದರ ಮೇಲೆ ಎಂಟು ಅಡಿ ಅಗಲದ ಹೊಸ ಹರಿಗೋಲನ್ನು ಬೋರಲು ಹಾಕಿ, ಹಗ್ಗದಿಂದ ಬಿಗಿದಿದ್ದರು. ಹಾದುಹೋಗುವವರು "ಪುಟ್ಟಿ, ಪುಟ್ಟಿ" ಎಂದು ತೆಲುಗಿನಲ್ಲಿ ಹೇಳಿಕೊಂಡು ನಗುತ್ತಿದ್ದರು. ಇಲ್ಲಿಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಓದುವ ನನ್ನ ಮಗಳಿಗೆ ಅದು ಹಿಡಿಸಲಿಲ್ಲ. ಬುಟ್ಟಿಗೆ ನಮ್ಮವರೂ ಪುಟ್ಟಿ ಎನ್ನುವುದುಂಟೆಂದು ಹೇಳಿ ಸಮಾಧಾನಪಡಿಸಿದೆ. ದೋಣಿಯೂ ಹೆಣೆದ ಬುಟ್ಟಿಯೇ ಅಲ್ಲವೆ?

ಆ ಆಟೋವಿನ ಹಿಂದೆ ನಾವಿಬ್ಬರೂ ಹೊರಡಲು ಕಾರಣವಿತ್ತು. ನನ್ನ ಅಕ್ಕನನ್ನು ಕೊಟ್ಟಿರುವುದು ತುಂಗಭದ್ರೆಯ ಆಚೆ ದಡಕ್ಕೆ, ರಾಯಚೂರು ಜಿಲ್ಲೆಯ ಹಳ್ಳಿಗೆ. ಈಚೆ ದಡದಲ್ಲಿ ನಿಂತರೆ ಅವರ ಊರಿನ ಬೇವಿನ ಮರಗಳು ಕಾಣುತ್ತವೆ. ರಸ್ತೆಯಿಂದ ಹೋಗಬೇಕಾದರೆ ಮಂತ್ರಾಲಯದ ಬಳಿಯ ಮಾಧವರದ ಸೇತುವೆಯವರೆಗೆ ಸುತ್ತಬೇಕು. ಹಿಂದಿನ ವರ್ಷ ಹಳೆಯ ಹರಿಗೋಲಿನಲ್ಲಿ ದಾಟುವಾಗ ನಡುನೀರಿನಲ್ಲಿ ತಳ ಸೋರಿ, ಪಾದ ಮುಳುಗುವಷ್ಟು ನೀರು ಒಳಬಂದಿತ್ತು. ತಂಬಿಗೆಯಿಂದ ನೀರು ಮೊಗೆದು ಚೆಲ್ಲುತ್ತ ದಡ ಸೇರಿದೆವು. ಅಂದಿನಿಂದ ಮಗುವನ್ನು ನದಿಯ ದಾರಿಯಲ್ಲಿ ಕಳುಹಿಸಲು ಮನೆಯಲ್ಲಿ ಒಪ್ಪಿಗೆಯಿಲ್ಲ. ಅಂಬಿಗ ತಾತನು ಹೊಸದನ್ನು ಹೆಣೆಯಿಸಿದ್ದಾನೆಂದು ತಿಳಿದಾಗ, ಅದರ ಪರೀಕ್ಷೆಯನ್ನು ಕಣ್ಣಾರೆ ನೋಡಿ ಬರುವೆನೆಂದು ಹೇಳಿ ಹೊರಟೆ.

ಈ ನದಿ ಗಡಿಯಾಗಿರುವುದು ಇಂದು ನಿನ್ನೆಯ ಮಾತಲ್ಲ. ಒಂದು ಕಾಲಕ್ಕೆ ಈಚೆಗೆ ಮದರಾಸು ಆಧಿಪತ್ಯ, ಆಚೆಗೆ ನಿಜಾಮರ ಸೀಮೆ. 1953 ರ ಅಕ್ಟೋಬರ್ 1 ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿದವು. 1956 ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂದಿತು. ಸರ್ಕಾರಗಳು ಇಷ್ಟು ಬಾರಿ ಬದಲಾದರೂ ಎರಡು ದಡಗಳ ಬೀಗತನ ನಿಂತಿಲ್ಲ. ಹೆಣ್ಣು ಕೊಟ್ಟು ತರುವ ಕೆಲಸಕ್ಕೆ ಹರಿಗೋಲೇ ಸಾಕಾಗಿತ್ತು.

ಶ್ರಾವಣದಲ್ಲಿ ಉರುಕುಂದ ಈರಣ್ಣನ ಭಕ್ತರಿಂದ ತುಂಬುವ ಕೌತಾಳದ ಕಡೆಯ ದಾರಿ ಅಂದು ಬರಿದಾಗಿತ್ತು. ಎರಡೂ ಬದಿಗೆ ಕರಿಯ ನೆಲ, ಒಡೆದ ಹತ್ತಿಯ ಕಾಯಿ, ದೂರದಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂತಹ ಬಂಡೆಗಳ ಗುಡ್ಡ. ದೋಣಿಯೊಂದು ನೆಲದ ಮೇಲೆ ಪ್ರಯಾಣ ಮಾಡುವುದನ್ನು ನೋಡುತ್ತಿದ್ದಂತೆ ನನಗೆ ಹೆರೊಡೋಟಸನ ನೆನಪಾಯಿತು. ಎರಡು ಸಾವಿರದ ನಾನೂರು ವರ್ಷಗಳಿಗೂ ಹಿಂದಿನ ಆ ಗ್ರೀಕ್ ಇತಿಹಾಸಕಾರನು ಬಾಬಿಲೋನಿಗೆ ಬರುತ್ತಿದ್ದ ದುಂಡನೆಯ ತೊಗಲ ದೋಣಿಗಳನ್ನು ವರ್ಣಿಸಿದ್ದಾನೆ. ಪ್ರತಿ ದೋಣಿಯಲ್ಲಿಯೂ ಸರಕಿನೊಡನೆ ಒಂದು ಕತ್ತೆ ಇರುತ್ತಿತ್ತಂತೆ. ಪಟ್ಟಣ ತಲುಪಿದ ಮೇಲೆ ಸರಕನ್ನೂ ದೋಣಿಯ ಕಟ್ಟಿಗೆಯನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿ, ನಡೆದೇ ಹಿಂದಿರುಗುತ್ತಿದ್ದರು. ಹೊಳೆಯ ಸೆಳವಿಗೆ ಎದುರಾಗಿ ದೋಣಿ ಏರದು. ಬರುವಾಗ ದೋಣಿಯ ಮೇಲೆ ಕತ್ತೆ, ಹೋಗುವಾಗ ಕತ್ತೆಯ ಮೇಲೆ ದೋಣಿ. ಮಗಳು ಇದನ್ನು ಕೇಳಿ ಆಟೋವನ್ನು ತೋರಿಸಿ ನಕ್ಕಳು.

ನಮ್ಮ ನದಿಯ ಸಾಕ್ಷಿಯೂ ಇದೆ. 1520 ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಬುಟ್ಟಿಯಂತಹ ಈ ದೋಣಿಗಳನ್ನು ಕಂಡು ಬರೆದಿದ್ದಾನೆ: ಒಳಗೆ ಹೆಣಿಗೆ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಸುವಷ್ಟು ದೊಡ್ಡವು. ನೆಟ್ಟಗೆ ಹೋಗದೆ ಸದಾ ತಿರುಗುತ್ತಿರುತ್ತವೆ ಎಂಬುದನ್ನೂ ಅವನು ಗಮನಿಸಿದ್ದ. ಐದು ಶತಮಾನಗಳಲ್ಲಿ ಹೆಚ್ಚೇನೂ ಬದಲಾಗಿಲ್ಲ. ಬಿದಿರಿನ ಸೀಳುಗಳನ್ನು ಈಗಲೂ ಮೇದಾರರು ಹೆಣೆಯುತ್ತಾರೆ. ತೊಗಲಿನ ಸ್ಥಾನಕ್ಕೆ ಪ್ಲಾಸ್ಟಿಕ್ ಚೀಲದ ಹೊದಿಕೆಯೂ ಡಾಂಬರೂ ಬಂದಿವೆ. ನನ್ನ ಅನುಮಾನವಿದ್ದುದು ಈ ಹೊದಿಕೆಯ ಮೇಲೆಯೇ.

ದಡದಲ್ಲಿ ಇಬ್ಬರು ಎತ್ತಿ ಅದನ್ನು ನೀರಿಗಿಳಿಸಿದರು. ತಾತನು ಯಾರನ್ನೂ ಹತ್ತಗೊಡಲಿಲ್ಲ. ಮರಳು ತುಂಬಿದ ನಾಲ್ಕು ಚೀಲಗಳನ್ನು ಇಟ್ಟು, ಹಗ್ಗವನ್ನು ಕಲ್ಲಿಗೆ ಕಟ್ಟಿ, ಬೀಡಿ ಹಚ್ಚಿ ಕುಳಿತ. "ನೀರು ಕುಡಿಯೋ ಹರಗೋಲು ಮೊದಲನೇ ದಿನಾನ ಹೇಳಿಬಿಡ್ತೈತ್ರಿ, ನಾವು ಸುಮ್ಮನ ಕುಂತು ಕೇಳಬೇಕು" ಎಂದ. ಒಂದು ಗಂಟೆ ಕಾದೆವು. ತಳದ ಅಂಚಿನಲ್ಲಿ, ಎರಡು ಚೀಲಗಳ ಹೊಲಿಗೆ ಕೂಡುವಲ್ಲಿ, ಅಂಗೈಯಗಲದ ಒದ್ದೆ ಕಾಣಿಸಿತು. ತಾತನು ಮಗಳ ಕೈಯಿಂದ ಸೀಮೆಸುಣ್ಣ ಪಡೆದು ಅಲ್ಲಿ ಒಂದು ಗೀಟು ಎಳೆದ. ಮುಚ್ಚಿಡುವ ಪ್ರಯತ್ನವನ್ನು ಅವನು ಮಾಡಲಿಲ್ಲ; ನನಗೆ ನಂಬಿಕೆ ಹುಟ್ಟಿದ್ದು ಅಲ್ಲಿಂದ.

ಬಳಿಕ ಸೊಂಟದ ಮಟ್ಟದ ನೀರಿನಲ್ಲಿಯೇ ಭಾರದ ಪರೀಕ್ಷೆ. ಮಗಳು ಲೆಕ್ಕ ಮಾಡಿದಳು: ತಳದ ಅಗಲ 2 ಮೀಟರ್, ಆದುದರಿಂದ ವಿಸ್ತೀರ್ಣ ಸುಮಾರು 3.14 ಚದರ ಮೀಟರ್. ಒಂದು ಸೆಂಟಿಮೀಟರ್ ಮುಳುಗಿದರೆ ಪಕ್ಕಕ್ಕೆ ಸರಿಯುವ ನೀರು 31 ಲೀಟರಿಗೆ ಸ್ವಲ್ಪ ಹೆಚ್ಚು, ಎಂದರೆ ಅಷ್ಟೇ ಕಿಲೋ ಭಾರ. ಎಂಟು ಮಂದಿ ದೊಡ್ಡವರನ್ನು 480 ಕಿಲೋ ಎಂದಿಟ್ಟುಕೊಂಡರೆ 15 ಸೆಂಟಿಮೀಟರ್ ಇಳಿಯಬೇಕು. ಮರಳಿನ ಚೀಲಗಳನ್ನು ತೆಗೆದು ಎಂಟು ಮಂದಿ ಕುಳಿತಾಗ ಅಳೆದರೆ 14 ಬಂದಿತು. ಬದಿಗಳು ಹೊರಕ್ಕೆ ಬಾಗಿರುವುದರಿಂದ ಆ ಒಂದು ಸೆಂಟಿಮೀಟರಿನ ಅಂತರ. ಒಂದು ಗೇಣೂ ಮುಳುಗದ ದೋಣಿ ಬಂಡೆಗಳ ಮೇಲೆ ತೇಲಿಹೋಗುವುದರಲ್ಲಿ ಆಶ್ಚರ್ಯವೇನು! ಆದರೆ ಒಬ್ಬ ಹುಡುಗ ಎದ್ದು ಅಂಚಿನ ಕಡೆ ಹೆಜ್ಜೆಯಿಟ್ಟೊಡನೆ ಆ ಬದಿ ಕೆಳಗಿಳಿದು ನೀರು ಅಂಚನ್ನು ಮುಟ್ಟಿತು. "ನಿಂದ್ರಬ್ಯಾಡಲೇ, ಕುಂದ್ರು!" ಎಂದು ತಾತನು ಗದರಿಸಿದ. ಇದನ್ನು ನಾನು ಮರೆತಿಲ್ಲ. ಹರಿಗೋಲು ಭಾರಕ್ಕೆ ಹೆದರುವುದಿಲ್ಲ, ಭಾರ ಒಂದೆಡೆಗೆ ಸರಿಯುವುದಕ್ಕೆ ಹೆದರುತ್ತದೆ.

ನಡುವೆ ಮಗಳಿಗೆ ಹಾಯಿಯ ಆಸೆ. ಪರದೇಶಗಳಲ್ಲಿ ಕಾರಿನ ಹಿಂದೆ ಗಾಲಿಗಾಡಿಗೆ ಕಟ್ಟಿಕೊಂಡು ಹೋಗುವ ಪುಟ್ಟ ಹಾಯಿದೋಣಿಗಳಿವೆಯೆಂದು ನಾನೇ ಹೇಳಿದ್ದೆ. ಹದಿನೈದು ಅಡಿಯಷ್ಟು ಉದ್ದವಿದ್ದರೂ ಒಳಗೆ ಮಲಗಲು ಸ್ಥಳವಿರುತ್ತದೆ. ತಾತನ ಪಂಚೆಯನ್ನು ಎರಡು ಬಿದಿರ ಕೋಲಿಗೆ ಕಟ್ಟಿ ಹಿಡಿದೆವು. ಗಾಳಿ ಬೀಸಿದ ಕಡೆಗೆ ಹರಿಗೋಲು ಬುಗುರಿಯಂತೆ ತಿರುಗುತ್ತ ಹೊರಟಿತು. ಹಗ್ಗ ಹಿಡಿದಿದ್ದವನು ಎಳೆಯದಿದ್ದರೆ ಜೊಂಡಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆ ಹಾಯಿದೋಣಿಗಳ ತಳದಿಂದ ಹಲಗೆಯೊಂದು ನೀರಿನೊಳಕ್ಕೆ ಇಳಿದಿರುತ್ತದೆ. ಅದು ಅಡ್ಡಕ್ಕೆ ಸರಿಯಗೊಡದೆ ಹಿಡಿದಿಡುವುದರಿಂದ ಗಾಳಿಗೆ ಓರೆಯಾಗಿಯೂ ಸಾಗಬಹುದು. ದಡ ಬಂದಾಗ ಹಲಗೆಯನ್ನು ಮೇಲೆತ್ತಿದರಾಯಿತು. ಚಪ್ಪಟೆ ತಳದ ನಮ್ಮ ಬುಟ್ಟಿಗೆ ಆ ಹಿಡಿತವಿಲ್ಲ. ತಾತನು ಪಂಚೆಯನ್ನು ಹಿಂಡಿಕೊಂಡು, ಮುಂದಿನ ಅಂಚಿನಲ್ಲಿ ಮೊಣಕಾಲೂರಿ, ಹುಟ್ಟನ್ನು ಎದುರಿನಿಂದ ತನ್ನ ಕಡೆಗೆ ಎಡಬಲವಾಗಿ ಎಳೆಯತೊಡಗಿದೊಡನೆ ಆ ತಿರುಗಾಟ ನಿಂತು ದೋಣಿ ಗೀಟು ಹಾಕಿದಂತೆ ನೆಟ್ಟಗೆ ನಡೆಯಿತು. ಪಾಯೆಸನು ಇವನ ಕೈಯನ್ನು ನೋಡಬೇಕಿತ್ತು.

ಸಂಜೆಗೆ ನನ್ನ ನಿರ್ಧಾರವನ್ನು ತಿಳಿಸಿದೆ: ಅಂದು ದಾಟುವುದಿಲ್ಲ. ಮಗಳು ಮುಖ ತಿರುಗಿಸಿದಳು. 2009 ರ ಅಕ್ಟೋಬರಿನ ಮಹಾಪೂರದಲ್ಲಿ ಮಂತ್ರಾಲಯ ಮುಳುಗಿದುದನ್ನು ಅವಳು ಕಂಡವಳಲ್ಲ. 2024 ರ ಆಗಸ್ಟ್ 10 ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19 ನೆಯ ಗೇಟು ಕೊಚ್ಚಿಹೋದ ಸುದ್ದಿ ಬಂದಾಗ ನದಿತೀರದವರು ಹೇಗೆ ಕಾದಿದ್ದರೆಂಬುದನ್ನು ಮಾತ್ರ ಬಲ್ಲಳು. ಮೇಲೆ ನೀರು ಬಿಟ್ಟಾಗ ಹರಿಗೋಲು ಹತ್ತಕೂಡದು, ಹಗಲಿನಲ್ಲಿಯೇ ದಾಟಬೇಕು, ತೇಲುವ ಜಾಕೆಟ್ ತೊಡಲೇಬೇಕು ಎಂಬ ಮೂರು ಮಾತುಗಳಿಗೆ ಅವಳಿಂದ ಒಪ್ಪಿಗೆ ಪಡೆದೆ. ತಾತನು ಗೀಟು ಎಳೆದ ಕಡೆ ಡಾಂಬರು ಕಾಯಿಸಿ ಹಚ್ಚುವೆನೆಂದೂ ಮುಂದಿನ ಭಾನುವಾರ ಬರಬೇಕೆಂದೂ ಹೇಳಿದ.

ಭಾನುವಾರ ಮೂರು ಜಾಕೆಟ್‌ಗಳನ್ನು ಒಯ್ದೆವು. ಮೂರನೆಯದನ್ನು ಕಂಡು ತಾತನು ನಕ್ಕ. "ಅಂಬಿಗಗ ಇದ್ಯಾಕ್ರಿ?" ಎಂದ. "ನೀವು ಹಾಕ್ಕೊಂಡ್ರ ನಾನೂ ಹಾಕ್ಕೊಂತೀನಿ, ತಾತಾ" ಎಂದಳು ಮಗಳು. ಗುಂಡಿ ಹಾಕಲು ಬಾರದೆ ಅವನು ಕೈಯೆತ್ತಿ ನಿಂತ, ಅವಳೇ ಹಾಕಿಕೊಟ್ಟಳು. ಆಚೆ ದಡದ ಬೇವಿನ ಮರದಡಿ ಅಕ್ಕ ಆಗಲೇ ಬಂದು ನಿಂತಿದ್ದಳು.